ರಕೀಬ್ ಅಂದರೆ ಯಾರು?

ಮಾತಿನ ಮೇಡಂ ಅವರಿಗೆ,

ಹೊಸ ಊರು, ಹೊಸ ಆಸ್ಪತ್ರೆ ಇಷ್ಟರಲ್ಲಿ ನಿಮಗೆ ಒಗ್ಗಿರಬೇಕು. ಒಗ್ಗದೇ ಇರಲಿ ಎಂದು ಕೆಲವು ಸಂಜೆ ನಾನು ಅಂದುಕೊಂಡದ್ದೂ ಉಂಟು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು. ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಉರ್ದುವಿನಲ್ಲಿ ಬರೆದರೆ ನೀವು ಅಕ್ಷರ ಓದಬಲ್ಲಿರಿ, ಅರ್ಥ ಮಾತ್ರ ಸಿಗಲಿಕ್ಕಿಲ್ಲ. ಆ ಸಂಕಟ ಎಂಥದೆಂದು ನನಗೆ ಚೆನ್ನಾಗಿ ಗೊತ್ತು.

ಲಿಫ್ಟ್ ರಿಪೇರಿಗೆ ಹೋದ ಇವರು ತಾರಸಿಯ ಮೋಟರ್ ಕೋಣೆಯಲ್ಲಿ, ಕೈಯಲ್ಲಿ ಸ್ಪ್ಯಾನರ್ ಹಿಡಿದಂತೆಯೇ ಕುಸಿದುಬಿದ್ದರು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಎಷ್ಟೋ ವಾರಗಳ ಮೇಲೆ ಬಾಯಿ ಬಿಟ್ಟಾಗ ಹೊರಬಂದದ್ದು ಅರಬ್ಬಿ! ಚಿಕ್ಕಂದಿನಲ್ಲಿ ಅಜ್ಜಿಯ ಮನೆಯಲ್ಲಿ ಆಡಿ ಬಿಟ್ಟಿದ್ದ ಮಾತು. ಇಷ್ಟು ವರ್ಷದ ಸಂಸಾರದಲ್ಲಿ ಅದರ ಒಂದು ವಾಕ್ಯವನ್ನೂ ನಾನು ಕೇಳಿರಲಿಲ್ಲ. ನಾವು ಪ್ರೀತಿಸಿದ್ದು, ಜಗಳವಾಡಿದ್ದು, ಮಗಳಿಗೆ ಹೆಸರು ಹುಡುಕಿದ್ದು ಎಲ್ಲ ಉರ್ದುವಿನಲ್ಲಿ. ಆ ಉರ್ದುವೆಲ್ಲ ಒರೆಸಿಹೋಗಿ, ನನಗೆ ಪರಿಚಯವೇ ಇಲ್ಲದ ಒಬ್ಬ ಹುಡುಗ ಗಂಡನ ಮೈಯೊಳಗೆ ಬಂದು ಮಂಚದ ಮೇಲೆ ಕೂತಿದ್ದ.

"ಯಾವ ಭಾಷೆ ಬರ್ತಿದೆಯೋ ಅದನ್ನೇ ಹಿಡ್ಕೊಂಡು ಹೋಗೋಣಮ್ಮ," ಎಂದು ಡಾಕ್ಟರು ಮಾತು ಕಲಿಸಲು ಅರಬ್ಬಿ ಬಲ್ಲ ನಿಮ್ಮನ್ನು ಕಳಿಸಿದರು.

ನೀವು ಸ್ಲೇಟು ತೆಗೆದು ಬರೆಯುತ್ತಿದ್ದಿರಿ. ನಾನು ಉರ್ದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಅರಬ್ಬಿಯದೂ ಹೆಚ್ಚುಕಡಿಮೆ ಅದೇ ಲಿಪಿ, ಆ ಅಕ್ಷರಗಳಲ್ಲೇ ನನ್ನ ಕಣ್ಣು ಸವೆದಿದೆ. ನೀವು ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಬಲ್ಲೆ. 'ಖುಬ್ಜ್' ಎಂದು ಓದಿದೆ. ಅದು ರೊಟ್ಟಿ ಎಂದು ಗೊತ್ತಾಗಲಿಲ್ಲ. 'ಬಾಬ್' ಎಂದಾಗ ನನ್ನ ಮನಸ್ಸು ಪುಸ್ತಕದ ಅಧ್ಯಾಯ ಹುಡುಕಿತು, ಇವರು ಬಾಗಿಲು ತೋರಿಸಿದರು. ನೀವು "ಭೇಷ್!" ಎಂದು ಚಪ್ಪಾಳೆ ತಟ್ಟಿದಿರಿ. ನನ್ನ ಗಂಡನ ಪ್ರೇಮಪತ್ರವನ್ನು ನಾನೇ ಜೋರಾಗಿ ಓದಿ, ಅದರಲ್ಲಿ ಏನಿದೆ ಎಂದು ಪಕ್ಕದವಳನ್ನು ಕೇಳಬೇಕಾದ ಹಾಗೆ ಆಯಿತು ನನ್ನ ಪಾಡು.

ಇವರು ನಿಮ್ಮ ತಂದೆಯ ವಯಸ್ಸಿನವರೆಂದು ನನಗೆ ತಿಳಿಯದೆ ಇರಲಿಲ್ಲ. ತಿಳಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ? ನೀವು ಬರುವ ದಿನ ಇವರು ಎಡಗೈಯಲ್ಲಿ ತಾವೇ ತಲೆ ಬಾಚಿಕೊಳ್ಳುತ್ತಿದ್ದರು. ನೀಲಿ ಅಂಗಿಯತ್ತ ಬೆರಳು ತೋರಿಸುತ್ತಿದ್ದರು. ನಾನು ಬೇಕೆಂದೇ ಬಣ್ಣಗೆಟ್ಟ ಬೂದು ಅಂಗಿ ತೊಡಿಸುತ್ತಿದ್ದೆ. ನನ್ನ ನಾದಿನಿ ಒಂದು ದಿನ ಬಂದು ನೋಡಿ, "ಅತ್ತಿಗೆ, ಅಣ್ಣ ಮಾತು ಕಲೀತಿದ್ದಾನೋ, ಇನ್ನೊಂದು ಮದುವೆಗೆ ಹೊರಟಿದ್ದಾನೋ?" ಎಂದಳು. ಅವಳು ನಕ್ಕಳು. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಆಮೇಲೆ ಆ ಮಾತು ಬಂತು. ನಾನು ಎಂದಿನಂತೆ ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನತ್ತ ಕಣ್ಣು ಹಾಯಿಸಿ, ನಿಮ್ಮ ಕಡೆ ಬಾಗಿ, "ರಕೀಬ್" ಎಂದರು. ನೀವು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿರಿ. ನನ್ನ ಮೈಯೆಲ್ಲ ಉರಿದುಹೋಯಿತು. ಉರ್ದುವಿನಲ್ಲಿ ಓನಾಮ ಬಲ್ಲವರಿಗೂ ಗೊತ್ತು ರಕೀಬ್ ಅಂದರೆ ಯಾರೆಂದು: ಇಬ್ಬರ ಪ್ರೀತಿಗೆ ಅಡ್ಡ ಬರುವ ಮೂರನೆಯವನು, ಪ್ರೇಮದ ಎದುರಾಳಿ. ನನ್ನ ಮನೆಯಲ್ಲಿ, ನಾನು ಒಗೆದು ಹಾಸಿದ ಹಾಸಿಗೆಯ ಮೇಲೆ ಕೂತು, ನನ್ನನ್ನೇ ಮೂರನೆಯವಳನ್ನಾಗಿ ಮಾಡಿದರಲ್ಲ!

ಮುಂದಿನ ಸಲ ನೀವು ಚಪ್ಪಲಿ ಬಿಡುವ ಮೊದಲೇ ಅಡ್ಡಗಟ್ಟಿದೆ. "ನಾನು ರಕೀಬಾ? ಯಾರ ಮಧ್ಯೆ ಬಂದೆ ನಾನು?" ನಿಮ್ಮ ಮುಖ ಬಿಳಿಚಿಕೊಂಡಿತು. "ಅಯ್ಯೋ ಆಂಟಿ, ಅರಬ್ಬಿಯಲ್ಲಿ ಹಾಗಲ್ಲ. ರಕೀಬ್ ಅಂದ್ರೆ ಕಣ್ಣಿಟ್ಟು ಕಾಯೋರು. ದೇವರಿಗೂ ಅದೇ ಹೆಸರಿದೆ, ಎಲ್ಲವನ್ನೂ ನೋಡ್ತಾ ಇರೋನು ಅಂತ. ಕುತ್ತಿಗೆ ಅನ್ನೋ ಪದ ಇದೆಯಲ್ಲ, ರಕಬಾ, ಅದೂ ಇದೇ ಮನೆತನದ್ದು. ಕತ್ತು ಚಾಚಿ ನೋಡೋದು. ನೀವು ಬಾಗಿಲಲ್ಲಿ ನಿಂತು ನೋಡ್ತೀರಲ್ಲ, ಹಾಗೆ."

"ಹಾಗಾದ್ರೆ ನೀವು ನಕ್ಕಿದ್ದೇಕೆ?"

ನೀವು ತಡವರಿಸಿದಿರಿ. "ಅದು... ಮಿಲಿಟರಿಯಲ್ಲಿ ಹವಾಲ್ದಾರ್ ಇರ್ತಾನಲ್ಲ, ಅವನಿಗೂ ರಕೀಬ್ ಅಂತಾರೆ. ಅಂಕಲ್ ಯಾವ ಅರ್ಥದಲ್ಲಿ ಅಂದ್ರೋ..."

ನಿಮ್ಮ ಮಾತನ್ನು ನಂಬುವ ಮನಸ್ಸಾಗಲಿಲ್ಲ. ಮುದ್ರಣಾಲಯದಲ್ಲಿ ಫಾರ್ಸಿ ಬಲ್ಲ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ನಿಘಂಟು ತಾತ ಎನ್ನುತ್ತೇವೆ. ಊಟದ ಬಿಡುವಿನಲ್ಲಿ ಅವರ ಮುಂದೆ ಹೋಗಿ ಕೂತೆ. "ಆ ಹುಡುಗಿ ಹೇಳಿದ್ದು ಸರಿಯಮ್ಮ," ಎಂದರು. "ಹಳೇ ಅರಬ್ಬಿ ಪ್ರೇಮಪದ್ಯಗಳಲ್ಲಿ ರಕೀಬ್ ಅಂದ್ರೆ ಹುಡುಗೀನ ಕಾಯೋಕೆ ಇಟ್ಟ ಕಾವಲಿನವನು. ಪ್ರೇಮಿಗಳಿಗೆ ಅವನನ್ನ ಕಂಡ್ರಾಗದು. ಫಾರ್ಸಿಗೆ ಬರೋವಷ್ಟರಲ್ಲಿ ಮಧ್ಯೆ ನಿಂತವನು ಪೈಪೋಟಿಗೇ ನಿಂತುಬಿಟ್ಟ. ಅಲ್ಲಿಂದ ನಮ್ಮ ಉರ್ದುವಿಗೆ ಬಂತು. ತುರ್ಕಿಯಲ್ಲೂ ಎದುರಾಳಿ ಅಂತಲೇ ಅರ್ಥ." ಕನ್ನಡಕ ತೆಗೆದು ಒರೆಸಿಕೊಂಡು, "ಕಾಯ್ತಾ ಕಾಯ್ತಾ ಕಾವಲಿನವನೇ ಅವಳಿಗೆ ಮನಸೋತ ಅಂತ ಕಾಣುತ್ತೆ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಸಮಾಧಾನವಾಗಬೇಕಿತ್ತು, ಅದೂ ಆಗಲಿಲ್ಲ. ಮನೆಗೆ ನಡೆದು ಬರುವಾಗ ಹೊಟ್ಟೆಯೊಳಗಿನ ಕಿಚ್ಚು ಇನ್ನಷ್ಟು ಹತ್ತಿಕೊಂಡಿತ್ತು. ನನ್ನನ್ನು ಕರೆಯಲು ಇವರ ಬಳಿ ಒಂದು ಪದ ಉಳಿದಿತ್ತು. ಎಲ್ಲವನ್ನೂ ಕಳಕೊಂಡ ತಲೆಯೊಳಗೆ ಹುಡುಕಿ ತೆಗೆದ ಪದ, ಕಾಯುವವಳು ಎಂದೋ, ಹವಾಲ್ದಾರಳು ಎಂದೋ. ಅದನ್ನು ನನಗೆ ಹೇಳದೆ ನಿಮಗೆ ಹೇಳಿದರು. ನನ್ನ ಹೆಸರನ್ನು ನಾನು ನಿಮ್ಮ ಬಾಯಿಂದ ಕೇಳಿ ತಿಳಿದುಕೊಂಡೆ. ಯಾವ ಹೆಂಡತಿ ಅದನ್ನು ಸಹಿಸಿಯಾಳು?

ನಿಮಗೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಹೋದಿರಿ. ನಾನು ನಿಮ್ಮ ಕೈಗೆ ಹಣ್ಣಿನ ಚೀಲ ಕೊಟ್ಟು, ಬಾಗಿಲು ಹಾಕಿ, ಹಾಯಾಗಿ ಒಂದು ಲೋಟ ಚಹಾ ಕುಡಿದೆ. ಇವರು ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಅರಬ್ಬಿಯೂ ಇಲ್ಲ, ಏನೂ ಇಲ್ಲ. ಆ ಮೌನದಲ್ಲಿ ನಾನು ಉರ್ದುವಿನಲ್ಲಿ ಒಬ್ಬಳೇ ವಟಗುಟ್ಟುತ್ತ ಇದ್ದೆ: ತರಕಾರಿ ತುಟ್ಟಿಯಾದದ್ದು, ಮಗಳ ಫೋನು ಬಂದದ್ದು, ನಿಘಂಟು ತಾತನ ಹಲ್ಲು ನೋವು. ನಿಮ್ಮ ಚಪ್ಪಾಳೆಯ ಸದ್ದಾದರೂ ಇದ್ದಿದ್ದರೆ ಎನಿಸಿದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೊನ್ನೆ ಬೆಳಿಗ್ಗೆ ಇವರಿಗೆ ಗಡ್ಡ ಬೋಳಿಸುತ್ತಿದ್ದೆ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಇವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಉರ್ದುವಿನಲ್ಲಿ, ನಮ್ಮ ಉರ್ದುವಿನಲ್ಲಿ, ನಿಧಾನಕ್ಕೆ, ಒಂದಕ್ಷರವೂ ತಪ್ಪದೆ ಕೇಳಿದರು: "ಆ ಹುಡುಗಿ ಇನ್ಯಾವಾಗ ಬರ್ತಾಳೆ?"

ನಾನು ದಾರಿ ಕಾದಿದ್ದ ಭಾಷೆಯೇ ಬಂತು, ಕೇಳಿದ್ದು ಮಾತ್ರ ನಿಮ್ಮನ್ನು. ಕೈಯಲ್ಲಿ ಬ್ಲೇಡು ಬೇರೆ ಇತ್ತು, ದೇವರು ದೊಡ್ಡವನು. ಅಳು ಬಂತು, ನಗುವೂ ಬಂತು, ಯಾವುದು ಮೊದಲೋ ತಿಳಿಯಲಿಲ್ಲ. "ಕಾಗದ ಬರೀತೀನಿ, ಬರ್ತಾಳೆ ಬಿಡಿ," ಎಂದೆ.

ಇವರು ನನ್ನ ಮುಖವನ್ನೇ ದಿಟ್ಟಿಸಿ, "ನೀನು? ನೀನು ಬರೀತೀಯಾ?" ಎಂದರು. ಅನುಮಾನದಲ್ಲಿ ಹುಬ್ಬು ಮೇಲೆ ಹೋದದ್ದೂ ಹಳೆಯ ಹಾಗೆಯೇ. ಮೊದಲ ವಾಕ್ಯ ನಿಮ್ಮದಾಯಿತು, ಆಗಲಿ. ಎರಡನೆಯದು ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡೆನು.

ಹಾಗಾಗಿ ಈ ಕಾಗದ. ರಜೆ ನೋಡಿಕೊಂಡು ಒಂದು ಭಾನುವಾರ ಬನ್ನಿ. ಸ್ಲೇಟು ತನ್ನಿ. ಊಟ ಇಲ್ಲೇ ಮಾಡಿ. ಮಧ್ಯಾಹ್ನದವರೆಗೆ ಅರಬ್ಬಿ ಆಡಿಸಿ, ನಾನು ತುಟಿ ಎರಡು ಮಾಡುವುದಿಲ್ಲ. ಮಧ್ಯಾಹ್ನದ ಮೇಲೆ ನೀವು ಸುಮ್ಮನೆ ಕೂರಬೇಕು, ಆಗಿನ ಹೊತ್ತು ಉರ್ದುವಿನದು. ಹೊಟ್ಟೆಕಿಚ್ಚು ಬಿಟ್ಟಿದ್ದೇನೆ ಎಂದು ತಿಳಿಯಬೇಡಿ. ಅದು ಇರುವಲ್ಲೇ ಇದೆ. ಆದರೂ ಬನ್ನಿ.

ನೀವು ಮಾತು ಮರಳಿಸಿ ಕೊಟ್ಟವರೆಲ್ಲರ ಮನೆಯಲ್ಲೂ ನಿಮ್ಮ ನೆನಪು ತಣ್ಣಗಿರಲಿ, ನಿಮ್ಮ ನಾಲಿಗೆಯ ಗುಣ ಹೆಚ್ಚಲಿ.

ಇಷ್ಟು ಬರೆದು ನಿಮ್ಮ ದಾರಿ ನೋಡುವ,
ಅವರ ಹೆಂಡತಿ