ಅಕ್ಕನ ಮುಖ ಒಪ್ಪದ ಬ್ಯಾಂಕು

ಮಾರ್ಚ್ 3, ಸೋಮವಾರ

ಅಕ್ಕನ ಕೂದಲು ಬಾಚಿ, ಬಲಗೈಗೆ ಎಣ್ಣೆ ತಿಕ್ಕಿ, ಎಂದಿನಂತೆ ಬ್ಯಾಂಕಿಗೆ ಕರೆದೊಯ್ದೆ. ಬಾಗಿಲಿಗೆ ಕಾಗದ ಅಂಟಿಸಿದ್ದಾರೆ — ಶುಕ್ರವಾರದಿಂದ ಶಾಖೆ ಇರುವುದಿಲ್ಲ. ಎಲ್ಲರ ಹಣವೂ ಡಿಜಿಟಲ್ ಆಗಿ ಫೋನಿನ ವಾಲೆಟ್‌ಗೆ. ಮುಖ ತೋರಿಸಿದರೆ ಸಾಕಂತೆ.

ಕಂಪ್ಯೂಟರ್ ತಂದಾಗ, ಇನ್ನು ಕ್ಯೂ ಇರುವುದಿಲ್ಲ ಎಂದಿದ್ದರು. ನಿಜ. ಈಗ ಕ್ಯೂ ಇಲ್ಲ, ನಿಲ್ಲಲು ಬ್ಯಾಂಕೂ ಇಲ್ಲ.

ಒಳಗೆ ಅರ್ಧ ದೀಪ. ಗಾಜಿನಾಚೆ ಕ್ಯಾಷಿಯರಮ್ಮ ನೀರಿನೊಳಗೆ ಕೂತವಳಂತೆ ಕಂಡಳು.

"ಬಂದ್ರಾ ಅಕ್ಕಾ? ಹೊಸ ಶಾಲು! ಆದ್ರೆ ನೋಟೆಲ್ಲ ವಾಪಸ್ ಕಳಿಸಿಬಿಟ್ವಿ, ಕೊಡೋಕೆ ಏನೂ ಇಲ್ಲ."

ಪಾರ್ಶ್ವವಾಯು ಹೊಡೆದು ಅಕ್ಕನ ಬಾಯಿ ಸೊಟ್ಟಗಾದ ಮೇಲೂ ಆಕೆ ಒಮ್ಮೆಯೂ "ಯಾರು ನೀವು?" ಎಂದು ಕೇಳಿದವಳಲ್ಲ.

ಮಾರ್ಚ್ 4

ಫೋನಿಗೆ ಅಕ್ಕನ ಮುಖ ಒಪ್ಪಿಗೆಯಾಗಲಿಲ್ಲ. ಅದರ ಬಳಿ ಇರುವುದು ಕಾಯಿಲೆಗೆ ಮುಂಚಿನ ಫೋಟೊ. ಕಣ್ಣು ಮಿಟುಕಿಸಿ ಎಂದಿತು. ಒಂದೇ ಕಣ್ಣು ಮುಚ್ಚಿತು. ಮತ್ತೆ ಪ್ರಯತ್ನಿಸಿ. ಮತ್ತೆ. ಮತ್ತೆ...

"ಕಣ್ಣು ಹೊಡೀತಿದೀನಿ ಅಂದ್ಕೊಂಡಿರ್ಬೇಕು ಪಾಪ, ನಾಚ್ಕೊಂಡ್ತು," ಎಂದಳು ಅಕ್ಕ. ಮಾತು ತೊದಲಿದರೂ ಕೊಂಕು ಹೋಗಿಲ್ಲ.

ಸಹಾಯವಾಣಿಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆ ಇದ್ದದ್ದು ಯಂತ್ರ. ನನ್ನ ನೋವು ಅರ್ಥವಾಯಿತಂತೆ ಅದಕ್ಕೆ!

ಮಾರ್ಚ್ 6, ನಸುಕು

ಕನಸು. ಊರಿನವರೆಲ್ಲ ತಮ್ಮ ಮುಖ ಕಳಚಿ ಕೌಂಟರಿನಲ್ಲಿ ಕೊಡುತ್ತಿದ್ದಾರೆ. ಕ್ಯಾಷಿಯರಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಹೆಸರು ಹೇಳಿ, ಮೆಲ್ಲಗೆ ಹಿಂದಿರುಗಿಸುತ್ತಾಳೆ. ಎಚ್ಚರವಾದಾಗ ಕಿಟಕಿಯ ತುಂಬ ಮಂಜು.

ಮಾರ್ಚ್ 15

ಬ್ಯಾಂಕಿನ ಗಾಜಿಗೆ ಬಿಳಿ ಬಣ್ಣ ಬಳಿದಿದ್ದಾರೆ. ಬರೆದ ದೂರುಗಳಿಗೆಲ್ಲ ಒಂದೇ ಉತ್ತರ — ಮುಖ ತೋರಿಸಿ. ಕೈಗೆ ವ್ಯಾಯಾಮ ಮಾಡಿಸುವಾಕೆಗೆ ನಾನೇ ದುಡ್ಡು ಕೊಡುತ್ತೇನೆಂದೆ.

"ನಿನ್ನ ಹಂಗಿನಲ್ಲಿ ಕೈ ಎತ್ತೋದಕ್ಕಿಂತ ಇಳಿಬಿಟ್ಕೊಂಡೇ ಇರ್ತೀನಿ ಬಿಡು."

ಆಕೆಗೆ ಬರಬೇಡವೆಂದು ಹೇಳಿಬಿಟ್ಟಿದ್ದಾಳೆ. ಬೆರಳುಗಳು ಮತ್ತೆ ಮಡಚಿಕೊಳ್ಳುತ್ತಿವೆ.

ಮಾರ್ಚ್ 19, ಮಧ್ಯಾಹ್ನ

ಹೇಗೆ ಹಿಡಿಯಬೇಕೆಂದು ತೋರಿಸಲು ಅವಳ ಫೋನನ್ನು ನನ್ನ ಮುಖದ ಮುಂದೆ ಹಿಡಿದೆ. ರೆಪ್ಪೆ ಬಡಿದದ್ದೇ ತಡ, ವಾಲೆಟ್ ತೆರೆದುಕೊಂಡುಬಿಟ್ಟಿತು! ಅಕ್ಕನ ಹೆಸರು ಹೇಳಿ ನನಗೆ ಸ್ವಾಗತ. ನಾವು ಅವಳಿಗಳು, ಮೊದಲು ಹುಟ್ಟಿದ್ದಕ್ಕೆ ಅವಳು ಅಕ್ಕ. ಅಮ್ಮನನ್ನು ಬಿಟ್ಟರೆ ನಮ್ಮನ್ನು ತಪ್ಪದೆ ಗುರುತಿಸಿದವಳು ಕ್ಯಾಷಿಯರಮ್ಮ ಒಬ್ಬಳೇ.

ಗಾಬರಿಯಲ್ಲಿ ಫೋನ್ ಮಗುಚಿಟ್ಟೆ. ಅಕ್ಕ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು, ಕನ್ನಡಿ ನೋಡುವ ಹಾಗೆ.

"ಪರವಾಗಿಲ್ವೇ, ಅಲ್ಲಿ ನಾನು ಚೆನ್ನಾಗೇ ಇದೀನಿ."

"ಇದು ಮೋಸ ಕಣೇ ಅಕ್ಕ. ನಿನ್ನನ್ನೇ ಅಳಿಸಿ ಹಾಕಿದ ಹಾಗೆ. ಕೋರ್ಟಿಗೆ ಹೋಗ್ತೀನಿ ನಾನು."

"ಹೋಗೇ. ಅಲ್ಲೀವರೆಗೆ ನನ್ನ ಬೆರಳು ಕಾಯತ್ತಾ?"

ಪರದೆಯಿಂದ ಸೋಸಿದ ಬಿಸಿಲು ಅವಳ ಕೆನ್ನೆಯ ಮೇಲೆ ತೇಲುತ್ತಿದೆ. ಎಡಗೈಯಲ್ಲಿ ಫೋನ್ ಎತ್ತಿ ನನ್ನತ್ತ ಹಿಡಿದಿದ್ದಾಳೆ. ಬರೆದದ್ದು ಸಾಕು, ಇತ್ತ ನೋಡು ಎನ್ನುತ್ತಿದ್ದಾಳೆ. ಎರಡೂ ಕಣ್ಣು ಮುಚ್ಚಿ ತೆರೆದರೆ ಮುಗಿಯಿತು. ನಾನು —