ಬಟ್ಟಲು ತೊಳೆದವಳು

ಮಾರ್ಚ್ ೫, ಸೋಮವಾರ

ನನ್ನ ಗಿಣೀ,

ದೇವರ ದಯದಿಂದ, ಮಂಡಿನೋವೊಂದು ಬಿಟ್ಟರೆ ಕ್ಷೇಮ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗೆಲ್ಲ ಹಾಳೆ ಹರಿದುಹಾಕುತ್ತಿದ್ದೆ. ತಪ್ಪಾಯಿತೆಂದಲ್ಲ, ಸಿಟ್ಟಿಗೆ. ನಾಲ್ಕನೇ ಕ್ಲಾಸು ಓದಿದವಳ ಬರಹ, ತಿದ್ದಿಕೊಂಡು ಓದು.

ಮದುವೆಯಿಲ್ಲದೆ ಬಸುರಾದೆ ಎಂದು ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದೀಯಂತೆ. ‘ಯಾವ ಮುಖ ಇಟ್ಕೊಂಡು ಹೋಗ್ಲಿ ಅಜ್ಜಿ’ ಎಂದು ಬರೆದಿದ್ದೀಯ. ಇರುವುದೊಂದೇ ಮುಖ, ಅದನ್ನೇ ಇಟ್ಟುಕೊಂಡು ಹೋಗು!

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ದ್ರಾಕ್ಷಾರಸ ಕೊಡುವ ಪ್ರಭುಭೋಜನದ ಬಟ್ಟಲುಗಳನ್ನು ತೊಳೆಯುವವಳು ನಾನೇ ಎಂದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಲವತ್ತನಾಲ್ಕು ವರ್ಷದಿಂದ ಆ ರಸದ ಒಂದು ಹನಿಯೂ ನನ್ನ ಬಾಯಿಗೆ ಬಿದ್ದಿಲ್ಲ. ನಿನ್ನ ಅಮ್ಮನೂ ಮದುವೆಯಿಲ್ಲದೆ ಹುಟ್ಟಿದವಳೇ ಕಣೇ. ‘ನಾನು ಹೇಳೋವರೆಗೂ ಬಟ್ಟಲಿಗೆ ಬಾಯಿ ಹಚ್ಚಬೇಡ’ ಎಂದ ಆಗಿನ ಪಾದ್ರಿ. ಹೇಳದೆಯೇ ವರ್ಗವಾಗಿ ಹೋದ, ಸತ್ತೂ ಹೋದ. ನಾನು ಕಾದೆ. ಉಳಿದ ದ್ರಾಕ್ಷಾರಸವನ್ನು ಹಿತ್ತಿಲ ಗುಲಾಬಿಯ ಬುಡಕ್ಕೆ ಸುರಿದೆ. ನನಗಿಂತ ಆ ಗಿಡಕ್ಕೇ ಹೆಚ್ಚು ಕೃಪೆ ಸಿಕ್ಕಿದೆ.

ನಿನ್ನೆ ಆರಾಧನೆ ಮುಗಿದು ತೊಳೆಯುತ್ತಿದ್ದಾಗ ದರ್ಜಿಯ ಹೆಂಡತಿ ಬಂದಳು. ‘ಅಜ್ಜೀ, ಮೊಮ್ಮಗಳ ವಿಷಯ ಕಿವಿಗೆ ಬಿತ್ತು. ಇನ್ಮೇಲೆ ಬಟ್ಟಲು ಬೇರೆ ಯಾರಾದ್ರೂ ತೊಳೀಲಿ ಬಿಡಿ.’

‘ನಿನ್ನ ನಾಲಿಗೆ ತೊಳೆಯೋಕೆ ಯಾರನ್ನ ಗೊತ್ತು ಮಾಡ್ಲಿ?’ ಎಂದೆ.

ಗಲಾಟೆ ಕೇಳಿ ಹೊಸ ಪಾದ್ರಿ ಓಡಿ ಬಂದರು. ಸಿಟ್ಟಿನಲ್ಲಿ ಹಳೆಯದೆಲ್ಲ ಕಕ್ಕಿಬಿಟ್ಟೆ. ಅವರು ಚರ್ಚಿನ ಸಭೆಯ ಹಳೇ ದಾಖಲೆ ಪುಸ್ತಕ ಹುಡುಕಿ ತಂದು ಓದಿದರು. ನನಗೆ ಹಾಕಿದ್ದ ಶಿಕ್ಷೆ ಮೂರೇ ತಿಂಗಳು! ಹೇಳುವುದನ್ನು ಆ ಪುಣ್ಯಾತ್ಮ ಮರೆತಿದ್ದ. ಕೇಳಲು ನಾನು ನಾಚಿದ್ದೆ.

‘ಆ ಮೂರು ತಿಂಗಳೂ ತಪ್ಪೇ, ಅಜ್ಜಿ’ ಎಂದರು ಪಾದ್ರಿ. ‘ತನ್ನನ್ನ ಶತ್ರುಗಳಿಗೆ ಹಿಡಿದುಕೊಡ್ತಾನೆ ಅಂತ ಗೊತ್ತಿದ್ದ ಶಿಷ್ಯನ ಜೊತೇಲೂ ಯೇಸು ಕೂತು ಉಂಡ. ನಿಮ್ಮನ್ನ ಆ ಪಂಕ್ತಿಯಿಂದ ಎಬ್ಬಿಸೋಕೆ ನಾವ್ಯಾರು?’

ನನಗೆ ಯೇಸುವಿನ ಮೇಲೂ ರೇಗಿತು. ‘ನೀನಾದ್ರೂ ಒಂದು ಮಾತು ಹೇಳಬಾರದಿತ್ತೇನಪ್ಪಾ?’ ಎಂದು ಜೋರಾಗಿಯೇ ಬೈದೆ. ಬೈಯುವಾಗಲೇ ಹೊಳೆಯಿತು. ಅವನು ತಿಂಗಳು ತಿಂಗಳೂ ಕರೆಯುತ್ತಲೇ ಇದ್ದ. ನಾನೇ ತಲೆ ತಗ್ಗಿಸಿ ಬಟ್ಟಲು ಉಜ್ಜುತ್ತಿದ್ದೆ.

ಪಾದ್ರಿ ಒಂದು ಬಟ್ಟಲು ತುಂಬಿ ಚಾಚಿದರು. ‘ಕೈಯೆಲ್ಲಾ ಸೋಪು’ ಎಂದೆ. ‘ಇರ್ಲಿ, ಕುಡೀರಿ’ ಎಂದರು. ದರ್ಜಿಯ ಹೆಂಡತಿಯ ಕಣ್ಣೆದುರೇ ಕುಡಿದೆ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಅಷ್ಟಾದರೂ ಸಿಟ್ಟು ಮಾತ್ರ ಇಳಿದಿಲ್ಲ ನೋಡು!

ಮುಂದಿನ ತಿಂಗಳ ಮೊದಲ ಭಾನುವಾರ ಬಾ. ಶಾಲು ಹೊದ್ದು ಹೊಟ್ಟೆ ಮುಚ್ಚಿಕೊಳ್ಳಬೇಡ. ಮೊದಲ ಬೆಂಚಿನಲ್ಲಿ ನನ್ನ ಪಕ್ಕ ಕೂರು.

ನಿನ್ನನ್ನೂ ಕೂಸನ್ನೂ ಕರ್ತನು ತನ್ನ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಜ್ಜಿ

ಇದನ್ನು ಮರೆತು ಕೊನೆಗೆ ಬರೆದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನ ಅಮ್ಮ ಸಾಯುವ ದಿನ ‘ಅಮ್ಮಾ, ನಂಗೂ ಒಂದು ಗುಟುಕು ಕೊಡ್ಸು’ ಎಂದಿದ್ದಳು. ಆ ಹೊತ್ತಿಗಿದ್ದ ಬೇರೊಬ್ಬ ಪಾದ್ರಿ ಬಟ್ಟಲು ಹಿಡಿದು ಬಾಗಿಲಿಗೇ ಬಂದಿದ್ದರು. ನನ್ನ ಪಾಪಕ್ಕೆ ಹುಟ್ಟಿದವಳು, ಅವಳಿಗೂ ಸಲ್ಲದು ಎಂದುಕೊಂಡೆ. ‘ಮಲಗಿದ್ದಾಳೆ’ ಎಂದು ಸುಳ್ಳು ಹೇಳಿ ಕಳಿಸಿದೆ. ಒಳಗೆ ಬಂದು ಅವಳಿಗೆ ನೀರು ಕುಡಿಸಿದೆ. ಕ್ಷಮಿಸು ಎಂದು ನಿನ್ನೆ ಯೇಸುವನ್ನು ಕೇಳಿಯಾಯಿತು. ನಿನ್ನನ್ನು ಕೇಳುವುದು ಬಾಕಿ.