ಸುಹಾನಾಳ ಹಾಜರಿ

ಸುಹಾನಾ,

ಬಾಗಿಲ ಹೊರಗೆ ತಟ್ಟೆ ಇಟ್ಟಿದ್ದೀನಿ. ನೆನ್ನೆ ಥರ ಬೆಕ್ಕಿಗೆ ಹಾಕಬೇಡ, ನೀನು ತಿನ್ನು.

"ಟೆನ್ತ್ ಸುಮ್ನೆ ಪಾಸ್ ಮಾಡ್ಬುಟ್ರು, ಪಿಯುಸಿ ಒಂದಕ್ಷರ ತಲೆಗೋಗಲ್ಲ" ಅಂತ ನಾಲ್ಕು ದಿನದಿಂದ ಬಾಗಿಲು ಹಾಕಿಕೊಂಡಿದ್ದೀಯ. ತಪ್ಪು ನಿನ್ನದಲ್ಲ. ಲಾಕ್‌ಡೌನಿನಲ್ಲಿ ಆಳು ಬರಲಿಲ್ಲ ಅಂತ ನಿನ್ನನ್ನು ಗೂಡಿನಿಂದ ರೇಷ್ಮೆ ನೂಲು ಬಿಚ್ಚಲು ಕೂರಿಸಿದೆ. ಗೂಡು ಬಿಸಿನೀರಿಗೆ ಬಿದ್ದ ಮೇಲೆ ಕೈ ತೆಗೆಯುವ ಹಾಗಿಲ್ಲವಲ್ಲ. ಆನ್‌ಲೈನ್ ಕ್ಲಾಸಲ್ಲಿ ಹೆಸರು ಕೂಗಿದಾಗಲೆಲ್ಲ ನಿನ್ನ ದನಿ ಮಾಡಿ "ಎಸ್ ಮಿಸ್" ಅಂದವಳು ನಾನು. ಆಮೇಲೆ ಪಾಠವನ್ನೆಲ್ಲ ಕೇಳಿಸಿಕೊಂಡಿದ್ದು ಫೋನಿಟ್ಟಿದ್ದ ಅಕ್ಕಿ ಡಬ್ಬ.

ಇವತ್ತು ಕಾಲೇಜಿಗೆ ಹೋಗಿ ಇದನ್ನೇ ಹೇಳ್ತೀನಿ. ಮೇಷ್ಟ್ರ ಕಾಲಿಗೆ ಬಿದ್ದಾದರೂ, ಮೊದಲಿಂದ ಹೇಳಿಕೊಡಿ ಅಂತ ಕೇಳ್ತೀನಿ.

ಬಂದು ಬಾಗಿಲಲ್ಲಿ ನಿನ್ನ ಹೆಸರು ಕೂಗ್ತೀನಿ. ಓಗೊಡು ಮಗಳೇ. ಈ ಸಲ ನಿನ್ನ ಬದಲು ನಾನು ಹೇಳೋಕಾಗಲ್ಲ.

ಅಮ್ಮಿ